ಭಾನುವಾರವೇ ನಡೆಯುವ ಮಕ್ಕಳು

ಪುಟ್ಟಿ ಮೊದಲ ಸಲ ನಡೆದದ್ದು ಒಂದು ಭಾನುವಾರ ಸಂಜೆ. ಸೊಸೆ ಹಿತ್ತಲ ಬಾಗಿಲ ಹತ್ತಿರ ಕುಳಿತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಅಲ್ಲಿ ಕೂರಿಸಿದವರು ಅತ್ತೆ. "ಒಳಗೆ ಸೆಕೆ, ಇಲ್ಲೇ ಕೂತ್ಕೊಂಡು ಮಡಚಮ್ಮ," ಅಂದಿದ್ದರು. ಮಗು ಸ್ಟೂಲು ಹಿಡಿದು ಎದ್ದಿತು, ಸ್ಟೂಲು ಬಿಟ್ಟಿತು, ಹೊಟ್ಟೆ ಮುಂದೆ ಮಾಡಿಕೊಂಡು, ಎರಡೂ ಕೈ ಮೇಲೆತ್ತಿ, ತೂರಾಡುತ್ತ ತಾಯಿಯ ಮಡಿಲಿಗೆ ಬಂದು ಬಿದ್ದಿತು. ಮಡಚಿಟ್ಟ ಬಟ್ಟೆಯೆಲ್ಲ ಚೆಲ್ಲಾಪಿಲ್ಲಿಯಾಯಿತು. ಸೊಸೆ ಕೂಗಿದ ಕೂಗಿಗೆ ಗಂಡ ಅರ್ಧ ಗಡ್ಡ ಬೋಳಿಸಿಕೊಂಡೇ ಓಡಿಬಂದ. ಮಗುವನ್ನು ಮತ್ತೆ ನಡೆಸಿ ಫೋನಿನಲ್ಲಿ ವಿಡಿಯೋ ಹಿಡಿದದ್ದಾಯಿತು, ನೆಂಟರಿಷ್ಟರಿಗೆಲ್ಲ ಕಳಿಸಿದ್ದಾಯಿತು. ಕುರ್ಚಿಯಲ್ಲಿದ್ದ ಮಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ, "ರೀ, ನಿಮ್ಮ ಟೀ ಆರಿಹೋಗ್ತಿದೆ," ಅಂದರು. ಮಾವ ಟೀಗೆ ಬಾಯಿ ಹಚ್ಚಿದರು.

"ದಿನಾ ಹೊರಗೆ ದುಡಿದು ಸಾಯ್ತೀನಿ. ಆದ್ರೂ ನನ್ನ ಮಗಳು ನಾನು ಮನೇಲಿರುವಾಗಲೇ ನಡೆದ್ಲು ನೋಡ್ರೀ," ಎಂದು ಸೊಸೆ ಗಂಡನಿಗೆ ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿ ಬಂದಿತ್ತು.

ಆ ಮನೆಯಲ್ಲಿ ಬೀದಿಗೆ ಬಾಗಿಲಿದ್ದ ಒಂದು ದೊಡ್ಡ ಕೋಣೆಯಿತ್ತು. ಹಗಲೆಲ್ಲ ಅದು ಅತ್ತೆಯ ಕೋಣೆ. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಅಲ್ಲಿ ಮಕ್ಕಳನ್ನು ಬಿಟ್ಟು ಸಂಜೆ ಕರೆದೊಯ್ಯುತ್ತಿದ್ದರು. ಬಸ್ ಕಂಡಕ್ಟರಮ್ಮನ ಮಗ ಗುಂಡ, ಇನ್ನೂ ನಾಲ್ಕು ಮಕ್ಕಳು, ಹೆರಿಗೆ ರಜೆ ಮುಗಿದ ಮೇಲೆ ಪುಟ್ಟಿ. ಆರರ ಮೇಲೆ ಒಂದನ್ನೂ ಅತ್ತೆ ಸೇರಿಸಿಕೊಳ್ಳುತ್ತಿರಲಿಲ್ಲ. ಮೊದಲ ಮಗು ಒಳಗೆ ಬಂದಾಗಿನಿಂದ ಕೊನೆಯದು ಹೊರಗೆ ಹೋಗುವವರೆಗೆ ಫೋನು ಎತ್ತುತ್ತಿರಲಿಲ್ಲ, ಮನೆಯ ಒಂದು ಲೋಟವನ್ನೂ ತೊಳೆಯುತ್ತಿರಲಿಲ್ಲ, ಒಲೆಯ ಮೇಲೆ ಏನನ್ನೂ ಇಟ್ಟು ಬರುತ್ತಿರಲಿಲ್ಲ. ಮಕ್ಕಳಿಗೆ ಬೇಕಾದ ಅನ್ನ, ಬೇಯಿಸಿದ ತರಕಾರಿ, ಹೆಚ್ಚಿದ ಹಣ್ಣು ಎಲ್ಲ ಬೆಳಕು ಹರಿಯುವ ಮೊದಲೇ ತಯಾರಾಗಿ ಡಬ್ಬಿಯಲ್ಲಿ ಕೂತಿರುತ್ತಿತ್ತು.

ಸೊಸೆಗೆ ಸಿಟ್ಟು ಬರುತ್ತಿದ್ದದ್ದೇ ಇದಕ್ಕೆ. ಅವಳು ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂರುವವಳು. ಕಣ್ಣಿಗೆ ಹನಿ ಹಾಕಿಸಿಕೊಂಡು ದಾರಿ ಕಾಣದೆ ತನ್ನ ಮೇಲೇ ರೇಗುವವರನ್ನು ದಿನವಿಡೀ ಸಂಭಾಳಿಸಿ ಮನೆಗೆ ಬಂದರೆ, ಬೆಳಿಗ್ಗೆ ಟೀ ಕುಡಿದ ಲೋಟಗಳು ಸಿಂಕಿನಲ್ಲಿ ಹಾಗೇ ಒಣಗಿರುತ್ತಿದ್ದವು. ಅತ್ತೆ ಮಾತ್ರ ಚಾಪೆಯ ಮೇಲೆ ಕುಳಿತು, ಗುಂಡ ಕಟ್ಟಿದ ಮರದ ತುಂಡುಗಳ ಗೋಪುರವನ್ನು ಜಗತ್ತಿನಲ್ಲಿ ಬೇರೆ ಕೆಲಸವೇ ಇಲ್ಲದವರಂತೆ ನೋಡುತ್ತಿರುತ್ತಿದ್ದರು.

"ಅತ್ತೆ, ಮನೇಲೇ ಇರ್ತೀರಲ್ಲ, ನಾಲ್ಕು ಲೋಟ ತೊಳೆದಿಟ್ರೆ ಏನಾಗುತ್ತೆ?" ಎಂದು ಒಂದು ದಿನ ಕೇಳಿಯೇ ಬಿಟ್ಟಳು.

"ನೀನು ಕೌಂಟರಲ್ಲಿ ಕೂತಾಗ ಆಸ್ಪತ್ರೆ ಲೋಟ ತೊಳೀತೀಯೇನಮ್ಮ?"

"ಅದು ಆಫೀಸು ಅತ್ತೆ."

"ಇದೂನೂ," ಅಂದರು ಅತ್ತೆ, ಗೋಪುರದಿಂದ ಕಣ್ಣು ತೆಗೆಯದೆ.

ಮಾವ ಅಚ್ಚುಕೂಟದಲ್ಲಿ ಮೆಷಿನ್ ನಡೆಸಿ ನಿವೃತ್ತರಾದವರು. ಮೆಷಿನ್ನಿನ ಸದ್ದಿಗೆ ಅರ್ಧ ಕಿವಿ ಹೋಗಿತ್ತು. ಉಳಿದ ಅರ್ಧದಲ್ಲಿ ಬೇಕಾದದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದರು. "ಈ ಮನೇಲಿ ಮೇಸ್ತ್ರಿ ಒಬ್ಬಳೇ. ನಾವೆಲ್ಲ ದಿನಗೂಲಿ," ಎಂದು ಎದ್ದು ಹೋಗಿ ಲೋಟಗಳನ್ನು ತಾವೇ ತೊಳೆದರು. ಸೋಪು ಸರಿಯಾಗಿ ಹೋಗಿರಲಿಲ್ಲವಾದ್ದರಿಂದ ಸೊಸೆ ಮತ್ತೆ ತೊಳೆಯಬೇಕಾಯಿತು.

ಇದೆಲ್ಲದರ ನಡುವೆ ಸೊಸೆಯ ತಲೆಯೊಳಗೆ ಒಂದು ಸೋಫಾ ಹೊಕ್ಕಿತು. ಮುಂದಿನ ಕೋಣೆಗೆ ಒಂದು ಸೋಫಾ, ಗೋಡೆಗೊಂದು ದೊಡ್ಡ ಟಿ.ವಿ. ಬಂದವರನ್ನು ಕೂರಿಸಲು ಮನೆಯಲ್ಲಿ ಒಂದು ಜಾಗ ಬೇಡವೇ? ಹೊರಗಿನ ಮಕ್ಕಳನ್ನು ಬಿಟ್ಟುಬಿಟ್ಟು ಅತ್ತೆ ಪುಟ್ಟಿಯನ್ನು ಮಾತ್ರ ನೋಡಿಕೊಂಡರೆ ಅವರಿಗೂ ಆರಾಮ, ಮನೆಗೂ ಒಂದು ಕಳೆ. ಈ ಮಾತನ್ನು ಗಂಡನಿಂದ ಹೇಳಿಸಬೇಕೆಂದು ಅವಳು ಬೆನ್ನು ಬಿದ್ದಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಹತ್ತನೇ ಮಹಡಿಯ ಮೇಲೆ ಹಗ್ಗಕ್ಕೆ ಜೋತುಬೀಳಲು ಹೆದರದವನು ತಾಯಿಯ ಎದುರು ಮಾತ್ರ ಬಾಯಲ್ಲಿ ನೀರು ತುಂಬಿಕೊಂಡವನಂತೆ ನಿಲ್ಲುತ್ತಿದ್ದ. ಕೊನೆಗೊಂದು ದಿನ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ ಹೇಳಿದ:

"ಅಮ್ಮ, ನಿನಗೂ ವಯಸ್ಸಾಯ್ತು. ಊರ ಮಕ್ಕಳನ್ನೆಲ್ಲ ಯಾಕೆ ತಲೆ ಮೇಲೆ ಹೊತ್ಕೋತೀಯ?"

"ತಲೆ ಮೇಲಲ್ಲಪ್ಪ, ಸೊಂಟದ ಮೇಲೆ. ವಿಷಯ ಏನು ಹೇಳು."

"ಇವಳು… ಅಂದ್ರೆ ನಾವು… ಒಂದು ಸೋಫಾ…"

ಅತ್ತೆ ಮಗನನ್ನೂ ನೋಡಿದರು, ಸೊಸೆಯನ್ನೂ ನೋಡಿದರು. "ಸೋಫಾ ಯಾರ ಮಗು? ಎಷ್ಟು ತಿಂಗಳು?" ಎಂದು ಕೇಳಿ, ಬಾಗಿಲು ತಟ್ಟಿದ ಕಂಡಕ್ಟರಮ್ಮನಿಂದ ಗುಂಡನನ್ನು ತೆಗೆದುಕೊಳ್ಳಲು ಎದ್ದು ಹೋದರು. ಮಾವ ನಕ್ಕು ನಕ್ಕು ಬ್ರೆಡ್ಡು ಗಂಟಲಲ್ಲಿ ಸಿಕ್ಕಿಸಿಕೊಂಡರು. ಸೊಸೆಗೆ ನಗು ಬರಲಿಲ್ಲ.

ಕೆಲವು ವಾರಗಳ ಮೇಲೆ ಒಂದು ಭಾನುವಾರ ಆಸ್ಪತ್ರೆಯ ಮೇಡಂ ಊಟಕ್ಕೆ ಬಂದರು. ಕೌಂಟರಿನವರೆಲ್ಲರ ಮೇಲಿನ ಅಧಿಕಾರಿ. ಹೊಸದಾಗಿ ಪಕ್ಕದ ಬೀದಿಗೆ ಮನೆ ಬದಲಾಯಿಸಿದ್ದರು. ಸೊಸೆ ಹಿಂದಿನ ಸಂಜೆಯೇ ಮುಂದಿನ ಕೋಣೆಯ ಆಟದ ಸಾಮಾನು, ಚಾಪೆ, ಪುಟ್ಟ ಹಾಸಿಗೆಗಳನ್ನೆಲ್ಲ ತನ್ನ ಮಂಚದ ಕೆಳಗೆ ತಳ್ಳಿ, ನಾಲ್ಕು ಕುರ್ಚಿ ಹಾಕಿಸಿದ್ದಳು. ಅತ್ತೆ ಅಡುಗೆಗೆ ಕೈಜೋಡಿಸಿ, ಎಲ್ಲರಿಗೂ ಬಡಿಸಿ, ತಾವೂ ತಟ್ಟೆ ಹಿಡಿದು ಕುಳಿತರು.

"ಮಗೂನ ಯಾರು ನೋಡ್ಕೋತಾರೆ?" ಎಂದು ಮೇಡಂ ಕೇಳಿದರು. "ನನ್ನ ಮಗಳೂ ಮುಂದಿನ ತಿಂಗಳು ಕೆಲಸಕ್ಕೆ ಹೋಗ್ಬೇಕು. ಮೊಮ್ಮಗನಿಗೆ ಏನು ವ್ಯವಸ್ಥೆ ಅಂತಲೇ ಗೊತ್ತಾಗ್ತಿಲ್ಲ."

"ನಮಗೆ ಆ ಚಿಂತೆ ಇಲ್ಲ ಮೇಡಂ. ಅತ್ತೆ ಮನೇಲಿ ಸುಮ್ನೇ ಇರ್ತಾರಲ್ಲ, ಅವರಿಗೂ ಹೊತ್ತು ಹೋಗುತ್ತೆ," ಅಂದಳು ಸೊಸೆ. ಅಂದವಳೇ ಫೋನು ತೆಗೆದು ವಿಡಿಯೋ ತೋರಿಸಿದಳು. "ನೋಡಿ ಮೇಡಂ, ನಾನು ಬಟ್ಟೆ ಮಡಚ್ತಿದ್ದೆ. ಸೀದಾ ನನ್ನ ಹತ್ರಾನೇ ಬಂದ್ಲು. ಮೊಟ್ಟಮೊದಲನೇ ಹೆಜ್ಜೆ."

ಮಾವ ತುತ್ತು ನುಂಗಿ ತಲೆಯೆತ್ತಿದರು. "ಮೊದಲನೇದೆಲ್ಲಿಂದ ಬಂತಮ್ಮ? ಅದಕ್ಕೆ ಹಿಂದಿನ ಬುಧವಾರದಿಂದ್ಲೇ ಗುಂಡನ ಹಿಂದೆ ಈ ಕೋಣೆ ತುಂಬ ಓಡಾಡ್ತಿದ್ಲು. ನಾನು ಕಣ್ಣಾರೆ ನೋಡಿದೀನಿ."

ಸೊಸೆ ಫೋನು ಹಿಡಿದ ಕೈಯನ್ನು ಕೆಳಗಿಳಿಸಲಿಲ್ಲ. ಅದರಲ್ಲಿ ಪುಟ್ಟಿ ಇನ್ನೂ ನಡೆಯುತ್ತಲೇ ಇದ್ದಳು, ಸೊಸೆಯದೇ ದನಿ ಖುಷಿಯಿಂದ ಕಿರುಚುತ್ತಲೇ ಇತ್ತು.

"ಮಾವ ಏನೋ ಮರೆತು ಹೇಳ್ತಿದಾರೆ," ಅಂದಳು. ಅತ್ತೆಯ ಮುಖ ನೋಡಿದಳು.

"ಇಲ್ಲಮ್ಮ. ಬುಧವಾರವೇ ನಡೆದ್ಲು," ಅಂದರು ಅತ್ತೆ. "ಇಲ್ಲಿ ಮಗು ಮೊದಲ ಸಲ ಏನು ಮಾಡಿದ್ರೂ ನಾನು ತಾಯಂದಿರಿಗೆ ಹೇಳಲ್ಲ. ಹಲ್ಲು ಮೂಡಿದ್ರೂ ಅಷ್ಟೇ, ಹೆಜ್ಜೆ ಇಟ್ರೂ ಅಷ್ಟೇ. ಅವರು ಮನೇಲಿ ತಾವೇ ನೋಡ್ಲಿ ಅಂತ ಬಿಡ್ತೀನಿ. ರಜೆ ದಿನ ಬಂತು ಅಂದ್ರೆ, ಮಗು ಜೊತೆ ಸ್ವಲ್ಪ ನೆಲದ ಮೇಲೆ ಕೂತ್ಕೊಳ್ಳಿ ಅಂತ ಮಾತ್ರ ಹೇಳಿ ಕಳಿಸ್ತೀನಿ. ನನ್ನ ಹತ್ರ ಇದ್ದ ಮಕ್ಕಳೆಲ್ಲ ಹೆಚ್ಚುಕಮ್ಮಿ ಭಾನುವಾರವೇ ನಡೆದದ್ದು."

ಮೇಡಂ ತಟ್ಟೆಯಲ್ಲಿ ಕೈ ಇಟ್ಟುಕೊಂಡೇ ಕುಳಿತರು. "ನನ್ನ ಮಗಳೂ ಭಾನುವಾರವೇ ನಡೆದಿದ್ಲು," ಅಂದರು ಮೆಲ್ಲಗೆ. "ಇಷ್ಟು ವರ್ಷ ಅದನ್ನ ಎಲ್ಲರಿಗೂ ಹೇಳ್ಕೊಂಡು ಬಂದಿದೀನಿ."

"ಯಾರ ಹತ್ರ ಬಿಡ್ತಿದ್ರಿ?"

"ನಮ್ಮ ಹಳೇ ಮನೆ ಹತ್ರ ಒಬ್ಬರಿದ್ರು. ಹೆಸರು ಕೂಡ ಸರಿಯಾಗಿ ನೆನಪಿಲ್ಲ."

"ಒಳ್ಳೆಯವರಿರ್ಬೇಕು," ಅಂದರು ಅತ್ತೆ. "ಇನ್ನೊಂಚೂರು ಅನ್ನ ಹಾಕಲಾ?"

ಮೇಡಂ ಹೋಗಿ ಗೇಟು ಹಾಕಿದ ಸದ್ದು ಕೇಳಿದ್ದೇ ತಡ, ಸೊಸೆ ಅಡುಗೆಮನೆಗೆ ಬಂದು ನಿಂತಳು. ಮೇಡಂ ಮುಂದೆ ಮಾನ ಹೋದದ್ದು ಒಂದು ಕಡೆ ಇರಲಿ. ಬದುಕಿನಲ್ಲಿ ತನ್ನದು ಅಂತ ಇದ್ದ ಒಂದು ಗಳಿಗೆಯನ್ನು ಯಾರೋ ಅಂಗಡಿಯ ಗಾಜಿನ ಹಿಂದೆ ಜೋಡಿಸಿಟ್ಟ ಹಾಗೆ ಜೋಡಿಸಿಟ್ಟಿದ್ದರು ಅನ್ನುವುದು ಅವಳಿಗೆ ತಡೆಯಲಾಗದ ಸಂಕಟವಾಗಿತ್ತು.

"ಬಟ್ಟೆ ಮಡಚೋಕೆ ಕೂರಿಸಿದ್ದು ಅದಕ್ಕೇನಾ?"

"ಅದಕ್ಕೇ."

"ಅವಳು ಮೊದಲ ಸಲ 'ಅಮ್ಮ' ಅಂದದ್ದು? ಅದೂ ನನ್ನ ಹತ್ರ ಅಲ್ವಾ?"

ಅತ್ತೆ ತಲೆ ತಗ್ಗಿಸಿ ಪಾತ್ರೆ ಉಜ್ಜಿದರು.

"ಇನ್ನೂ ಏನೇನು ಮುಚ್ಚಿಟ್ಟಿದೀರಿ ಅತ್ತೆ? ಬಿದ್ದದ್ದು, ಜ್ವರ ಬಂದದ್ದು, ಅದನ್ನೂ ಮುಚ್ಚಿಟ್ಟಿದೀರಾ? ಕಂಡಕ್ಟರಮ್ಮನಿಗೆ ಮಾಡೋ ನಾಟಕ ನನಗೂ ಮಾಡೋದಾ? ನಾನು ಈ ಮನೆ ಸೊಸೆ. ಅವಳು ನಿಮ್ಮ ಮೊಮ್ಮಗಳು."

"ಬಿದ್ರೆ, ಜ್ವರ ಬಂದ್ರೆ ಅದೇ ಗಳಿಗೆ ಫೋನ್ ಮಾಡ್ತೀನಿ. ಮಾಡಿದೀನಿ. ಹಗಲು ಹೊತ್ತು ಆ ಚಾಪೆ ಮೇಲೆ ಮೊಮ್ಮಗಳು ಅಂತ ಯಾರೂ ಇಲ್ಲಮ್ಮ. ಎಲ್ಲ ಮಕ್ಕಳೂ ಒಂದೇ. ಗುಂಡನ ತಾಯಿಗೆ ಏನು ಮಾಡ್ತೀನೋ ನಿನಗೂ ಅದನ್ನೇ ಮಾಡಿದೀನಿ. ನನ್ನ ಕೆಲಸ ಇರೋದೇ ಹಾಗೆ."

"ಕೆಲಸ, ಕೆಲಸ. ಮಕ್ಕಳನ್ನ ಆಡಿಸೋದೂ ಒಂದು ಕೆಲಸವಾ? ಮನೇಲಿ ಕೂತೋರೆಲ್ಲ ಮಾಡೋದು ಅದನ್ನೇ."

ಗಂಡ ಬಾಗಿಲಲ್ಲಿ ನಿಂತಿದ್ದ. "ಏ, ಸಾಕು ಕಣೇ," ಅಂದ. ಅತ್ತೆ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಅದನ್ನು ನೋಡಿಯೇ ಸೊಸೆಗೆ ಹೆದರಿಕೆಯಾಯಿತು.

"ಸರಿ. ಈ ತಿಂಗಳು ಮುಗಿಯೋವರೆಗೂ ನೋಡ್ಕೋತೀನಿ. ಆಮೇಲೆ ಪುಟ್ಟಿಗೆ ಬೇರೆ ಕಡೆ ನೋಡ್ಕೊಳ್ಳಿ."

"ಏನಂದ್ರಿ?"

"ಹಿಂದೆ ಒಬ್ಬ ತಾಯಿಗೂ ಹೀಗೇ ಹೇಳಿದೀನಿ. ಇನ್ನೇನು ಮುಚ್ಚಿಟ್ಟಿದೀರಿ ಅಂತ ಕೇಳಿದ ಮೇಲೆ ಮುಗೀತು. ನಾಳೆ ಮಗು ಮೊಣಕಾಲು ತರಚಿಕೊಂಡ್ರೂ ನಿನಗೆ ಅನುಮಾನ, ನನಗೆ ಭಯ. ಭಯ ಇಟ್ಕೊಂಡು ಮಕ್ಕಳನ್ನ ನೋಡ್ಕೊಳ್ಳೋಕಾಗಲ್ಲ. ಸಂಜೆ ಮೇಲೆ ಅಜ್ಜಿ, ಭಾನುವಾರ ಅಜ್ಜಿ. ಹಗಲು ಹೊತ್ತು ಬೇಡ."

"ಅಮ್ಮ, ಇದು ಹಠ," ಅಂದ ಮಗ.

"ನೀನು ಲಿಫ್ಟಿನ ಹಗ್ಗ ಬಿಗಿಯೋವಾಗ ಒಬ್ಬ ಬಂದು, ಇದೇನು ಮಹಾ, ಮನೇಲಿ ಕೂತೋರೆಲ್ಲ ಮಾಡ್ತಾರೆ ಅಂದ್ರೆ ಅವನನ್ನ ಆ ಲಿಫ್ಟಲ್ಲಿ ಕೂರಿಸ್ಕೋತೀಯೇನೋ?"

ಸ್ವಂತ ಅಜ್ಜಿ ಸ್ವಂತ ಮೊಮ್ಮಗಳನ್ನು ಬೇಡ ಅನ್ನುವುದನ್ನು ಸೊಸೆ ಎಲ್ಲೂ ಕೇಳಿರಲಿಲ್ಲ. ಇದು ಎರಡು ದಿನದ ಮುನಿಸು, ತಿಂಗಳ ಕೊನೆಗೆ ತಾನಾಗಿ ಇಳಿಯುತ್ತದೆ ಅಂದುಕೊಂಡಳು. ಇಳಿಯಲಿಲ್ಲ. ಅತ್ತೆ ಪುಟ್ಟಿಯ ಚಾದರ, ಲೋಟ, ಒಂದು ಜೊತೆ ಬಟ್ಟೆಯನ್ನು ಒಗೆದು, ಇಸ್ತ್ರಿ ಮಾಡಿ, ಬೇರೆಯವರ ಮಕ್ಕಳಿಗೆ ಕೊಟ್ಟು ಕಳಿಸುವ ಹಾಗೆಯೇ ಒಂದು ಚೀಲದಲ್ಲಿ ಹಾಕಿ ಸೊಸೆಯ ಕೈಗೆ ಕೊಟ್ಟರು.

ಸೊಸೆಯೂ ಬಿಟ್ಟುಕೊಡುವವಳಲ್ಲ. ಬಸ್ಸಿನ ದಾರಿಯಲ್ಲೇ ಇದ್ದ ಒಂದು ದೊಡ್ಡ ಶಿಶುಕೇಂದ್ರಕ್ಕೆ ಮಗುವನ್ನು ಸೇರಿಸಿದಳು. ಗೋಡೆ ತುಂಬ ಬಣ್ಣದ ಆನೆ, ಮೀನು. ಬಾಗಿಲಲ್ಲಿ ಒಂದೇ ಬಣ್ಣದ ಉಡುಪಿನ ಹುಡುಗಿಯರು. "ಇಲ್ಲಿ ಎಲ್ಲ ಪಾರದರ್ಶಕ ಮೇಡಂ. ಮಗು ಏನು ಮಾಡಿದ್ರೂ ಆ ಕ್ಷಣವೇ ನಿಮ್ಮ ಫೋನಿಗೆ ಬರುತ್ತೆ," ಅಂದರು. ಇದೇ ಬೇಕಿತ್ತು ಅನ್ನಿಸಿತು ಅವಳಿಗೆ. ಊಟದ ಹೊತ್ತಿಗೆ ಅತ್ತೆಗೆ ಕೇಳಿಸುವ ಹಾಗೆ, "ಅಲ್ಲಿ ಏನೂ ಮುಚ್ಚುಮರೆ ಇಲ್ಲ ಕಣ್ರೀ," ಎಂದು ಗಂಡನಿಗೆ ಹೇಳಿದಳು. ಅತ್ತೆ, "ಒಳ್ಳೇದಾಯ್ತು," ಎಂದು ಮಗುವಿನ ಬಾಯಿಗೆ ಬಾಳೆಹಣ್ಣು ಇಟ್ಟರು.

ಫೋನಿಗೆ ನಿಜವಾಗಿಯೂ ಬರುತ್ತಿತ್ತು. ಪುಟ್ಟಿ ತಿಂದದ್ದು, ಪುಟ್ಟಿ ಮಲಗಿದ್ದು, ಪುಟ್ಟಿ ಅತ್ತದ್ದು. ಮೊದಮೊದಲು ಸೊಸೆ ಎಲ್ಲವನ್ನೂ ನೋಡಿದಳು. ಆಮೇಲೆ ಕೆಲಸದ ನಡುವೆ ನೋಡಲು ಪುರಸೊತ್ತಾಗಲಿಲ್ಲ. ಹೀಗಿರುವಾಗ ಒಂದು ಮಧ್ಯಾಹ್ನ, ಕಣ್ಣಿಗೆ ಪಟ್ಟಿ ಕಟ್ಟಿದ್ದ ಒಬ್ಬ ಮುದುಕ ತನ್ನ ಸರದಿ ಯಾಕೆ ಹಿಂದೆ ಹೋಯಿತು ಎಂದು ಕೌಂಟರ್ ಕುಟ್ಟುತ್ತಿದ್ದಾಗ ಫೋನು ಸದ್ದು ಮಾಡಿತು. ಅವಳು ಸುಮ್ಮನೆ ಬೆರಳು ಆಡಿಸಿದಳು. ವಿಡಿಯೋ ತೆರೆದುಕೊಂಡಿತು. ಪುಟ್ಟಿ ಕೇಂದ್ರದ ಬಾಗಿಲ ಮುಂದೆ ನಿಂತು, ಗಾಜಿಗೆ ಎರಡೂ ಕೈ ಊರಿ, ಹೊರಗಿನ ರಸ್ತೆಗೆ ಹೇಳುತ್ತಿದ್ದಳು: "ಅಮ್ಮ ಬಾ. ಅಮ್ಮ ಬಾ." ಕೆಳಗೆ ಬರೆದಿತ್ತು: ಇಂದು ನಿಮ್ಮ ಮಗು ಮೊದಲ ಬಾರಿಗೆ ಎರಡು ಪದ ಜೋಡಿಸಿದೆ, ಅಭಿನಂದನೆಗಳು.

"ಏನಮ್ಮ, ಕಿವಿ ಕೇಳಿಸಲ್ವಾ ನಿನಗೆ?" ಅಂದ ಮುದುಕ.

ಸೊಸೆಗೆ ನಿಜಕ್ಕೂ ಏನೂ ಕೇಳಿಸುತ್ತಿರಲಿಲ್ಲ. ಎರಡು ಪದ ಬಂದಿದ್ದವು, ಎರಡೂ ತನಗೇ ಹೇಳಿದ್ದು, ತಾನು ಅಲ್ಲಿರಲಿಲ್ಲ. ಕ್ಯಾಮೆರಾ ಹಿಡಿದಿದ್ದ ಹುಡುಗಿ ಮಗುವನ್ನು ಎತ್ತಿಕೊಂಡಿದ್ದಳೋ ಇಲ್ಲವೋ ಅದೂ ಆ ವಿಡಿಯೋದಲ್ಲಿರಲಿಲ್ಲ. ಯಾವುದನ್ನು ತನ್ನಿಂದ ಕಿತ್ತುಕೊಂಡರು ಎಂದು ಮನೆಯಲ್ಲಿ ಕೂಗಾಡಿದ್ದಳೋ, ಅದನ್ನು ಅತ್ತೆ ಇಷ್ಟು ದಿನ ಸೆರಗಿನಲ್ಲಿ ಕಟ್ಟಿಟ್ಟು ತನಗೇ ತಂದುಕೊಡುತ್ತಿದ್ದರು ಅನ್ನುವುದು ಅವಳಿಗೆ ಆಗ ತಿಳಿಯಿತು. ತಿಳಿದ ಮೇಲೆ ಕೌಂಟರಿನ ಹಿಂದೆ ಮುಖ ಬಗ್ಗಿಸಿ ಅತ್ತಳು. ಮುದುಕ ಗಾಬರಿಯಾಗಿ, "ಇರಲಿ ಬಿಡು ತಾಯಿ, ನಾನು ಕಾಯ್ತೀನಿ," ಎಂದು ಹೋಗಿ ಬೆಂಚಿನ ಮೇಲೆ ಕುಳಿತ.

ಸಂಜೆ ಎಲ್ಲ ಮಕ್ಕಳೂ ಹೋದ ಮೇಲೆ ಅವಳು ಮುಂದಿನ ಕೋಣೆಗೆ ಬಂದಳು. ಅತ್ತೆ ನೆಲ ಒರೆಸುತ್ತಿದ್ದರು.

"ಅತ್ತೆ, ಪುಟ್ಟಿನ ವಾಪಸ್ ತಗೊಳ್ಳಿ. ನಾನು ಹಾಗೆಲ್ಲ ಅನ್ನಬಾರದಿತ್ತು. ಸೋಫಾ ಗೀಫಾ ಏನೂ ಬೇಡ."

ಅತ್ತೆ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕುಳಿತರು. "ಜಾಗ ಇಲ್ಲಮ್ಮ," ಅಂದರು. "ಸೋಮವಾರದಿಂದ ಒಂದು ಮಗು ಬರುತ್ತೆ. ಮಾತು ಕೊಟ್ಟಾಗಿದೆ."

"ಯಾರದು?"

"ನಿಮ್ಮ ಮೇಡಂ ಮೊಮ್ಮಗ. ಮೊನ್ನೆ ಮಗಳನ್ನ ಕರ್ಕೊಂಡು ಬಂದು ಎಲ್ಲ ವಿಚಾರಿಸಿಕೊಂಡು ಹೋದ್ರು."

ಸೊಸೆ ಬೆಪ್ಪಾಗಿ ನಿಂತಳು. "ಪುಟ್ಟಿಗೆ ಅಂತ ಇಟ್ಕೊಳ್ಳಲಿಲ್ವಾ ನೀವು?"

"ಬರ್ತೀನಿ ಅಂತ ನೀನು ಹೇಳಿರಲಿಲ್ಲ. ಆ ಹುಡುಗಿಗೂ ರಜೆ ಮುಗೀತಿದೆ."

"ಒಂದು ಮಗು ಹೆಚ್ಚಾದ್ರೆ ಏನಾಗುತ್ತೆ ಅತ್ತೆ? ನಮ್ಮದೇ ಮಗು."

"ಆರರ ಮೇಲೆ ನನ್ನ ಕೈಯಲ್ಲಿ ಆಗಲ್ಲ. ಒಂದು ಬೀಳೋವಾಗ ಇನ್ನೊಂದು ನನ್ನ ಕೈಲಿರುತ್ತೆ. ಆ ಬೀಳೋ ಮಗು ಪುಟ್ಟಿನೇ ಆದ್ರೆ?" ಅತ್ತೆಯ ದನಿ ಮೊದಲ ಸಲ ಒಡೆಯಿತು. "ಗುಂಡ ಮುಂದಿನ ವರ್ಷ ಶಾಲೆಗೆ ಹೋಗ್ತಾನೆ. ಆ ಜಾಗ ನಿನಗೇ. ಅಲ್ಲೀವರೆಗೂ ಕಾಯ್ಬೇಕು."

ಕಾಯುವುದು ಎಂದರೆ ಏನು ಅನ್ನುವುದು ಸೋಮವಾರದಿಂದ ಗೊತ್ತಾಯಿತು. ಬೆಳಿಗ್ಗೆ ಎಲ್ಲ ತಾಯಂದಿರೂ ಮಕ್ಕಳನ್ನು ಎತ್ತಿಕೊಂಡು ಮನೆಯೊಳಗೆ ಬರುವ ಹೊತ್ತಿಗೆ ಸೊಸೆ ತನ್ನ ಮಗುವನ್ನು ಎತ್ತಿಕೊಂಡು ಅದೇ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದಳು. ಪುಟ್ಟಿ ಅಜ್ಜಿಯ ಕಡೆ ಕೈ ಚಾಚಿ, "ಅಜ್ಜಿ ಬಾ," ಅನ್ನುತ್ತಿದ್ದಳು. ಅಜ್ಜಿಯ ಕೈಯಲ್ಲಿ ಮೇಡಂ ಮೊಮ್ಮಗ ಅಳುತ್ತಿರುತ್ತಿದ್ದ. ಹೊಸ ಮಗು, ಇಳಿಸುವಂತಿರಲಿಲ್ಲ. ಒಂದು ದಿನ ಮರೆತ ಹಾಲಿನ ಬಾಟಲಿಗೆಂದು ಹಿಂದಿರುಗಿ ಬಂದಾಗ, ಅತ್ತೆ ಆ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಅಡುಗೆಮನೆಯಲ್ಲಿ ನಲ್ಲಿ ಪೂರ್ತಿ ಬಿಟ್ಟು ನಿಂತಿದ್ದುದನ್ನು ಸೊಸೆ ನೋಡಿದಳು. ನಲ್ಲಿಯ ಕೆಳಗೆ ಪಾತ್ರೆ ಇರಲಿಲ್ಲ; ಅತ್ತೆಯ ಸೆರಗು ಕಣ್ಣಿನ ಮೇಲಿತ್ತು. ಅವಳು ಸದ್ದಾಗದಂತೆ ಬಾಟಲಿ ತೆಗೆದುಕೊಂಡು ಹೊರಟಳು. "ಒಂದೇ ಮನೇಲಿದ್ದು ಇದೆಂಥ ವನವಾಸನಪ್ಪ," ಎಂದು ಮಾವ ಊಟದ ಹೊತ್ತಿಗೆ ಗೊಣಗಿದರು.

ಆ ವಾರದ ಕೊನೆಗೆ ಒಂದು ಸಂಜೆ ಸೊಸೆ ಪುಟ್ಟಿಯನ್ನು ಎತ್ತಿಕೊಂಡು ಬರುವುದಕ್ಕೂ ಮೇಡಂ ಮೊಮ್ಮಗನನ್ನು ಕರೆದೊಯ್ಯಲು ಬರುವುದಕ್ಕೂ ಸರಿಹೋಯಿತು.

"ಎಲ್ಲಿಂದ ಬರ್ತಿದೀರಿ ಮಗೂನ ಎತ್ಕೊಂಡು?" ಅಂದರು ಮೇಡಂ. "ಇಲ್ಲೇ ಇರ್ತಾಳೆ ಅಂದ್ಕೊಂಡಿದ್ದೆ."

ಏನಾದರೊಂದು ಸುಳ್ಳು ಹೇಳಬಹುದಿತ್ತು. ಸೊಸೆ ಹೇಳಲಿಲ್ಲ.

"ಇಲ್ಲ ಮೇಡಂ. ಅತ್ತೆ ಹತ್ರ ಜಾಗ ಇಲ್ಲ. ಕಾಯ್ತಿದೀವಿ."

"ಸ್ವಂತ ಮೊಮ್ಮಗಳಿಗಾ?" ಮೇಡಂ ದಂಗಾಗಿ ಒಳಗೆ ನೋಡಿದರು. "ಅಂದ್ರೆ ನಮ್ಮ ಮಗುವಿನಿಂದ…"

"ನಿಮ್ಮಿಂದ ಅಲ್ಲ ಮೇಡಂ. ಅತ್ತೆ ಸುಮ್ನೇ ಮನೇಲಿರ್ತಾರೆ ಅಂತ ನಾನೇ ಹೇಳಿದ್ದೆ. ನಿಮ್ಮ ಮುಂದೇನೇ."

ಅತ್ತೆ ಮಗುವಿನ ಟೋಪಿ ಹಿಡಿದು ಬಾಗಿಲಿಗೆ ಬಂದಿದ್ದರು. ಕೇಳಿಸಿತೋ ಇಲ್ಲವೋ ತೋರಗೊಡಲಿಲ್ಲ. "ಇವತ್ತು ಅಳಲಿಲ್ಲ. ಮಧ್ಯಾಹ್ನ ಚೆನ್ನಾಗಿ ಮಲಗಿದ್ದ," ಎಂದು ಮಗುವನ್ನು ಮೇಡಂ ಕೈಗೆ ಕೊಟ್ಟರು. ಅವರು ಗೇಟು ದಾಟಿ ಹೋಗುವವರೆಗೂ ನಿಂತಿದ್ದು, ಸೆರಗಿಗೆ ಕೈ ಒರೆಸಿಕೊಂಡು ಪುಟ್ಟಿಯ ಕಡೆ ತಿರುಗಿದರು. ಇನ್ನು ಅವರು ಅಜ್ಜಿ. ಎರಡೂ ಕೈ ಚಾಚಿದರು.

"ಬಾ ನನ್ನ ಬಂಗಾರ."

ಪುಟ್ಟಿ ಆ ಕೈಗಳನ್ನು ನೋಡಿದಳು. ನೋಡಿ, ಮುಖ ತಿರುಗಿಸಿ, ತಾಯಿಯ ಕತ್ತಿನಲ್ಲಿ ಹುದುಗಿಕೊಂಡಳು. ಸೊಸೆ ಗಾಬರಿಯಾಗಿ ಬಿಡಿಸಲು ನೋಡಿದಷ್ಟೂ ಮಗು ಇನ್ನೂ ಬಿಗಿಯಾಗಿ ಅಂಟಿಕೊಂಡಿತು. "ಅಜ್ಜಿ ಕಣೇ, ಅಜ್ಜಿ," ಅಂದಳು. ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಾಗಿತ್ತು.

ಅತ್ತೆಯ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಇಳಿಯಿತು.

"ಬಲವಂತ ಮಾಡ್ಬೇಡಮ್ಮ," ಅಂದರು. "ಹೊಸದಾಗಿ ಬರೋ ಮಕ್ಕಳೆಲ್ಲ ಮೊದಮೊದಲು ಹೀಗೇ ಮಾಡ್ತವೆ."

ಅಂದು, ಒಳಗೆ ಹೋಗಿ ಚಾಪೆ ಸುತ್ತತೊಡಗಿದರು.